ಕಂಬಳಕ್ಕೆ ಕಾಯ್ದೆ, ಕೋಳಿ ಅಂಕಕ್ಕೆ ಕೇಸು

(ತೋಡಾರಿನ ಯುವಕರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಕಾನೂನಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಕೊಲೆ, ದರೋಡೆಯ ಕಲಂಗಳನ್ನು ನಾನು ವಿವರಿಸುವುದಿಲ್ಲ. ನಮ್ಮ ಕಡೆ ಸಾಮಾನ್ಯ ಜನ ಠಾಣೆಯ ಮೆಟ್ಟಿಲು ಹತ್ತುವುದು ಸಣ್ಣ ಆರೋಪಗಳಿಗೆ. ಅವುಗಳಲ್ಲಿ ಒಂದು ಕೋಳಿ ಅಂಕ.

"ಕಡಲಕೆರೆಯಲ್ಲಿ ಕಂಬಳ ಆಗಬಹುದಾದರೆ ನಮ್ಮ ಗುಡ್ಡೆಯಲ್ಲಿ ಕೋಳಿ ಅಂಕ ಯಾಕಾಗದು?" ಈ ಪ್ರಶ್ನೆ ನ್ಯಾಯವಾದದ್ದೇ. ಎರಡೂ ತುಳುನಾಡಿನ ಹಳೆಯ ಆಟಗಳು. ಜಾತ್ರೆ, ನೇಮದ ಜೊತೆಗೇ ಕೋಳಿ ಅಂಕ ನಡೆದು ಬಂದಿದೆ. ಆದರೆ ಕಾನೂನು ಇವೆರಡನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೇಂದ್ರದ್ದು. ಅದರ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ, ಕೋಳಿಯೂ ಸೇರಿತು. ಮನರಂಜನೆಗೆಂದು ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಕಾಳಗಕ್ಕೆ ಬಿಡುವುದು 11ನೇ ಕಲಮಿನಂತೆ ಅಪರಾಧ. ಅಂಕಕ್ಕೆ ಜಾಗ ಕೊಟ್ಟವರೂ ಅದೇ ಕಲಮಿನಡಿ ಬರುತ್ತಾರೆ. "ನಾನು ಗದ್ದೆ ಬಿಟ್ಟುಕೊಟ್ಟದ್ದು ಮಾತ್ರ" ಎನ್ನುವ ಉತ್ತರ ನಿಲ್ಲುವುದಿಲ್ಲ. ಇದಕ್ಕೆ ಮೊದಲ ಬಾರಿಗೆ ಆ ಕಾಯ್ದೆ ಇಟ್ಟ ದಂಡ 10ರಿಂದ 50 ರೂಪಾಯಿ!

ಹಾಗಾದರೆ ಭಯ ಯಾಕೆ? ಅಂಕದಲ್ಲಿ ಬಾಳು ಕೋಳಿಯ ಕಾಲಿಗಾದರೆ ಪಣ ಮನುಷ್ಯನ ಕಿಸೆಗೆ. ಜೂಜು, ಪಣ ಸಂವಿಧಾನದಂತೆ ರಾಜ್ಯದ ವಿಷಯ. ಆದ್ದರಿಂದ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬರುತ್ತದೆ. ಸಾರ್ವಜನಿಕ ಜಾಗದಲ್ಲಿ ಜೂಜಾಡಿದರೆ ಅದರ 87ನೇ ಕಲಂ. ಹೀಗೆ ಒಂದೇ ಮಧ್ಯಾಹ್ನದ ಆಟಕ್ಕೆ ಎರಡು ಕಾಯ್ದೆಗಳ ಕೇಸು.

ಕಂಬಳವೂ ಸುಲಭವಾಗಿ ಪಾರಾದದ್ದಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ವಿರುದ್ಧ ತೀರ್ಪು ಕೊಟ್ಟಿತು. 2016ರಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ಹಾಕಿತು. ಜನ ಬೀದಿಗಿಳಿದರು. ವಿಧಾನಮಂಡಲ 2017ರಲ್ಲಿ ತಿದ್ದುಪಡಿ ಮಸೂದೆ ಪಾಸು ಮಾಡಿತು. ಪ್ರಾಣಿ ಹಿಂಸೆ ತಡೆ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ವಿಷಯ. ಅದಕ್ಕೇ ರಾಷ್ಟ್ರಪತಿಯ ಅಂಕಿತ ಬೇಕಾಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳ ಉಳಿದದ್ದು ಹಳೆಯದೆಂಬ ಒಂದೇ ಕಾರಣಕ್ಕಲ್ಲ, ಅದಕ್ಕಾಗಿ ಕಾಯ್ದೆ ಬದಲಾದದ್ದಕ್ಕೆ. ಕೋಳಿ ಅಂಕಕ್ಕೆ ಅಂಥ ತಿದ್ದುಪಡಿ ಇಲ್ಲ. ವರ್ಷಂಪ್ರತಿ ನಡೆಯುವುದೆಂಬ ವಾದ ಕೋರ್ಟಿನಲ್ಲಿ ಪರವಾನಗಿ ಆಗುವುದಿಲ್ಲ.

ಇನ್ನು ಕೇಸಾದರೆ? ಓಡುವುದು ಪರಿಹಾರವಲ್ಲ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದರೂ ಈ ಹಕ್ಕುಗಳು ಹೋಗಿಲ್ಲ. ನಿಮ್ಮ ಮೇಲಿನ ಆರೋಪ ಜಾಮೀನು ಸಿಗುವಂಥದ್ದೇ ಎಂದು ಕೇಳಿ. ಹೌದಾದರೆ ಜಾಮೀನು ಯಾರ ದಯೆಯೂ ಅಲ್ಲ, ನಿಮ್ಮ ಹಕ್ಕು.

ಎಲ್ಲಕ್ಕಿಂತ ಮುಖ್ಯ ಮಾತು ಇದು. "ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಮುಗಿಯಿತು" ಎಂದು ಬುದ್ಧಿ ಹೇಳುವವರಿದ್ದಾರೆ. ಮುಗಿಯುವುದಿಲ್ಲ. ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿದರೆ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ. ನಾಳೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ "ಶಿಕ್ಷೆಯಾಗಿದೆಯೇ?" ಎಂಬ ಕಾಲಂ ಎದುರಾಗುತ್ತದೆ. ಅಲ್ಲಿ ಮುಚ್ಚಿಟ್ಟರೆ ಅದೇ ದೊಡ್ಡ ತೊಡಕು. ಮುಚ್ಚಿಟ್ಟ ಅಪರಾಧ ಕ್ಷುಲ್ಲಕವಾಗಿದ್ದರೆ ಮಾಲೀಕರು ಆ ಮುಚ್ಚಿಟ್ಟ ತಪ್ಪನ್ನು ಕಡೆಗಣಿಸಬಹುದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಕಡೆಗಣಿಸಲೇಬೇಕೆಂದು ಹೇಳಿಲ್ಲ. ಆದುದರಿಂದ ಒಪ್ಪುವ ಮೊದಲು ವಕೀಲರನ್ನು ಕೇಳಿ.

ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಅಂಕದಲ್ಲಿ ಸೋತ ಕೋಳಿ ಗೆದ್ದವನ ಮನೆಯ ಸಾರಾಗುತ್ತದೆ. ಕೇಸಿನಲ್ಲಿ ಸಿಕ್ಕಿದ ಹುಡುಗ ಮಾತ್ರ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾನೆ. ಪಣ ಕಟ್ಟುವ ಮೊದಲು ಈ ಲೆಕ್ಕವನ್ನೂ ಹಾಕಿ ನೋಡಿ ಎಂಬುದಷ್ಟೇ ನನ್ನ ಕೋರಿಕೆ.