ಆಂಟೆನಾ ನಿಲ್ಲಬೇಕೋ, ಮಲಗಬೇಕೋ?



ಮನೆಯಲ್ಲಿಯೇ ರೇಡಿಯೋ ಆಂಟೆನಾ ಕಟ್ಟಲು ಹೊರಟವರು ಮೊದಲು ಬಿಡಿಸಬೇಕಾದ ಪ್ರಶ್ನೆಯೊಂದುಂಟು: ಅದರ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಬೇಕೋ, ಅಡ್ಡಲಾಗಿ ಮಲಗಿಸಬೇಕೋ? ಪ್ರಶ್ನೆಯು ಚಿಕ್ಕದಾಗಿ ಕಂಡರೂ ಉತ್ತರವು ತಪ್ಪಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು. ಆದುದರಿಂದ ಇಂದು ಅದನ್ನೇ ವಿಚಾರ ಮಾಡೋಣ.

ಒಂದು ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿ, ನಡುವೆ ಕಿಟಕಿಯ ನೆಟ್ಟನೆಯ ಸರಳುಗಳ ಸಂದಿಯಲ್ಲಿ ಹಾಯಿಸಿ, ಇನ್ನೊಂದು ತುದಿಯನ್ನು ಹಿಡಿದು ಅಲುಗಿಸಿರಿ. ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಅಲೆಯು ಸಂದಿಯಲ್ಲಿ ನುಸುಳಿ ಆಚೆಗೆ ಹೋಗುವುದು. ಎಡಕ್ಕೂ ಬಲಕ್ಕೂ ಅಲುಗಿಸಿದರೆ ಸರಳಿಗೆ ತಾಗಿ ಅಲ್ಲಿಯೇ ಅಡಗುವುದು. ರೇಡಿಯೋ ಅಲೆಗೂ ಹೀಗೆಯೇ ಅಲುಗುವ ದಿಕ್ಕೊಂದುಂಟು. ನಿಂತ ಕೊಳವೆಯಿಂದ ಹೊರಟ ಅಲೆಯ ವಿದ್ಯುತ್ ಬಲವು ಮೇಲೆ ಕೆಳಗೆ ಆಡುತ್ತದೆ. ಮಲಗಿದ ಕೊಳವೆಯಿಂದ ಹೊರಟುದು ಅಡ್ಡಲಾಗಿ ಆಡುತ್ತದೆ. ಇದಕ್ಕೆ ಧ್ರುವೀಕರಣವೆಂದು ಹೆಸರು. ಕಲ್ಕತ್ತೆಯ ಜಗದೀಶಚಂದ್ರ ಬೋಸರು 1898ರಲ್ಲಿಯೇ ಹುರಿಗೊಳಿಸಿದ ಸೆಣಬಿನ ಕಟ್ಟುಗಳ ಮೂಲಕ ಅಲೆಗಳನ್ನು ಹಾಯಿಸಿ, ಈ ದಿಕ್ಕು ತಿರುಗುವುದನ್ನು ತೋರಿಸಿದರು. ಬೆಲೆಬಾಳುವ ಉಪಕರಣವಿಲ್ಲದೆಯೂ ದೊಡ್ಡ ಸತ್ಯವನ್ನು ಕಾಣಬಹುದೆಂಬುದಕ್ಕೆ ಇದೊಂದು ನಿದರ್ಶನ.

ಈಗ ಸಿಟಿಜನ್ ಬ್ಯಾಂಡ್ ಎಂದು ಹೆಸರಾದ 27 ಮೆಗಾಹರ್ಟ್ಸ್ ರೇಡಿಯೋವನ್ನು ತೆಗೆದುಕೊಳ್ಳೋಣ. ಇದರ ಅಲೆಯ ಉದ್ದ ಸುಮಾರು 11 ಮೀಟರ್. ಜಪಾನಿನ ಉಡಾ ಮತ್ತು ಯಾಗಿ ಎಂಬ ವಿದ್ವಾಂಸರು 1926ರಲ್ಲಿ ಪ್ರಕಟಿಸಿದ ಕ್ರಮದಂತೆ ಮೂರು ಅಲ್ಯೂಮಿನಿಯಂ ಕೊಳವೆಗಳನ್ನು ಒಂದರ ಮುಂದೊಂದು ಜೋಡಿಸಿದರೆ, ಆಂಟೆನಾವು ಒಂದೇ ದಿಕ್ಕಿನ ದನಿಗೆ ಹೆಚ್ಚಾಗಿ ಕಿವಿಗೊಡುವುದು. ಹಿಂದಿನ ಕೊಳವೆ ಸುಮಾರು 5.5 ಮೀಟರ್, ತಂತಿ ಸೇರುವ ನಡುವಿನದು 5.25, ಮುಂದಿನದು 5 ಮೀಟರ್ ಇರಬೇಕು.

ಇದರ ನಿಲುವನ್ನು ನಿರ್ಧರಿಸುವ ಮೊದಲು ನಾವು ಕೇಳಿಕೊಳ್ಳಬೇಕಾದುದು ಇಷ್ಟೆ: ಯಾರ ಮಾತನ್ನು ಕೇಳಬೇಕೆಂದಿದ್ದೇವೆ? ವಾಹನಗಳ ಮೇಲಿನ ಆಂಟೆನಾಗಳೂ ಕೈಯಲ್ಲಿ ಹಿಡಿಯುವ ರೇಡಿಯೋಗಳ ಸರಳುಗಳೂ ನಿಂತೇ ಇರುತ್ತವೆ. ಅವುಗಳನ್ನು ಕೇಳಬೇಕಾದರೆ ನಮ್ಮದೂ ನಿಂತಿರಬೇಕು. ನಿಲುವು ವಿರುದ್ಧವಾದರೆ ಲೆಕ್ಕದ ಪ್ರಕಾರ ಏನೂ ಕೇಳಬಾರದು. ವ್ಯವಹಾರದಲ್ಲಿ ನೂರರಲ್ಲೊಂದು ಪಾಲಿನಷ್ಟು ಶಕ್ತಿ ಬಂದೀತು. ಹಿಂದೆ ಮಹಡಿಗಳ ಮೇಲಿದ್ದ ದೂರದರ್ಶನದ ಆಂಟೆನಾಗಳ ಕೊಳವೆಗಳು ಮಲಗಿದ್ದುದನ್ನು ಪೋಷಕರು ಬಲ್ಲರು. ಅಲ್ಲಿ ಪ್ರಸಾರದ ಅಲೆಯೇ ಅಡ್ಡಲಾಗಿತ್ತು. ಅದನ್ನು ನೋಡಿ ಇದನ್ನೂ ಮಲಗಿಸುವುದು ಸಲ್ಲದು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೇರವಾಗಿ ಗೆರೆಯೆಳೆದರೆ ಸುಮಾರು 90 ಕಿಲೋಮೀಟರ್. ಆ ಗೆರೆಯು ಕರ್ನಾಟಕದ ಪಾವಗಡ ತಾಲ್ಲೂಕಿನ ಮೇಲೆ ಹಾಯುತ್ತದೆ, ನಡುವೆ ಕಲ್ಲುಗುಡ್ಡಗಳಿವೆ. ಅಲೆಗೆ ಗಡಿಯ ಹಂಗಿಲ್ಲ, ಆದರೆ ಗುಡ್ಡದ ಹಂಗುಂಟು. ಇಷ್ಟು ದೂರದ ಮಾತು ಅಲ್ಪಶಕ್ತಿಯ ರೇಡಿಯೋಗೆ ಸುಲಭವಲ್ಲ. ನೆಲಕ್ಕೆ ಸಮೀಪವಾಗಿ ಸಾಗುವ ಅಲೆಗೆ ನಿಂತ ಆಂಟೆನಾವೇ ಅನುಕೂಲ. ಮಲಗಿದ ಆಂಟೆನಾ ತಗ್ಗಿನಲ್ಲಿದ್ದರೆ ನೆಲದಿಂದ ಮರಳಿದ ಅಲೆಯು ನೇರ ಅಲೆಯನ್ನು ಅಳಿಸಿಹಾಕುವುದು. ಅದನ್ನು ಕಡಿಮೆಯೆಂದರೆ 5.5 ಮೀಟರ್, ಸಾಧ್ಯವಾದರೆ 11 ಮೀಟರ್ ಎತ್ತರಕ್ಕೆ ಏರಿಸಬೇಕು. ಮಲಗಿದುದಕ್ಕೂ ಒಂದು ಗುಣವುಂಟು: ವಾಹನ, ಮೋಟಾರುಗಳ ಗಲಭೆಯು ಬಹುಮಟ್ಟಿಗೆ ನಿಂತ ಅಲೆಯಾಗಿ ಬರುವುದರಿಂದ ಅದಕ್ಕೆ ಗಲಭೆ ಕಡಿಮೆ ಕೇಳುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ ಅಯಾನುಗೋಳಕ್ಕೆ ತಾಗಿ ಬರುವ ಅಲೆಯಾದರೋ ಭೂಮಿಯ ಕಾಂತಬಲದಿಂದ ತಿರುಗಿ ಯಾವ ನಿಲುವಿನಲ್ಲಾದರೂ ಬಂದೀತು. ಅಲ್ಲಿ ಎರಡೂ ಸಲ್ಲುತ್ತವೆ.

ನಿಲ್ಲಿಸಿ ಕಟ್ಟುವವರು ಕಬ್ಬಿಣದ ಕಂಬವನ್ನು ಕೊಳವೆಗಳ ನಡುವೆ ತರಬಾರದು. ಅದು ತಾನೂ ಒಂದು ಕೊಳವೆಯಂತೆ ವರ್ತಿಸಿ ಕೆಲಸವನ್ನು ಕೆಡಿಸುತ್ತದೆ. ಒಣಗಿದ ಬಿದಿರು ಉತ್ತಮ. ತಂತಿಯನ್ನು ಹಿಂಬದಿಗೆ ಸಾಗಿಸಿ ಅನಂತರ ಕೆಳಗಿಳಿಸಬೇಕು.

ಎರಡು ಎಚ್ಚರಿಕೆಗಳನ್ನು ಪೋಷಕರೂ ಗಮನಿಸಬೇಕು. ಕಂಬವು ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಲಿ. ಐದು ಮೀಟರಿನ ಲೋಹವು ತಂತಿಗೆ ತಗುಲಿದರೆ ಹಿಡಿದವರ ಪ್ರಾಣಕ್ಕೇ ಅಪಾಯ. ಕಂಬವನ್ನೆತ್ತುವಾಗ ಬಲ್ಲ ಹಿರಿಯರು ಜೊತೆಯಲ್ಲಿರಬೇಕು. ಗುಡುಗು ಮಿಂಚಿನ ವೇಳೆ ಯಾರೂ ಅದನ್ನು ಮುಟ್ಟಕೂಡದು. ಎರಡನೆಯದು ಕಾಯಿದೆಯ ಮಾತು. ನಮ್ಮ ದೇಶದಲ್ಲಿ 2005ರಲ್ಲಿ ಈ ಪಟ್ಟಿಯ ರೇಡಿಯೋಗಳಿಗೆ ಪರವಾನಗಿಯಿಂದ ವಿನಾಯಿತಿ ದೊರೆತರೂ, ಹೊರಸೂಸುವ ಪರಿಣಾಮಕಾರಿ ಶಕ್ತಿ 5 ವಾಟ್ ಮೀರಕೂಡದೆಂಬ ಮಿತಿಯಿದೆ. ಶಕ್ತಿಯನ್ನು ಒಂದೇ ಕಡೆಗೆ ಒಗ್ಗೂಡಿಸುವ ಆಂಟೆನಾದಿಂದ ಮಾತನಾಡಿದರೆ ಆ ಮಿತಿ ಮೀರಬಹುದು. ಆದುದರಿಂದ ಮಕ್ಕಳು ಇದನ್ನು ಕೇಳುವುದಕ್ಕೆ ಮಾತ್ರ ಬಳಸಲಿ. ಮಾತನಾಡುವ ಹಂಬಲವುಳ್ಳವರು ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆಯಲಿ.

ಕೊಳವೆಗಳಿಗೆ ಹಣವಿಲ್ಲದವರು ನಿರಾಶರಾಗಬೇಕಿಲ್ಲ. ಎಫ್.ಎಂ. ರೇಡಿಯೋದ ಸರಳನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ, ಬೇರೆ ಬೇರೆ ಕೇಂದ್ರಗಳು ಹೇಗೆ ಕೇಳುತ್ತವೆಂದು ಪುಸ್ತಕದಲ್ಲಿ ಬರೆದಿಡಿರಿ. ಎರಡೂ ನಿಲುವುಗಳನ್ನು ಬೆರೆಸಿ ಕಳುಹಿಸುವ ಕೇಂದ್ರಗಳೂ ಉಂಟು. ಅವು ಹೇಗಿಟ್ಟರೂ ಕೇಳುವುವು. ಹಿಂದೂಪುರದವರೂ ಕಲ್ಯಾಣದುರ್ಗದವರೂ ತಮ್ಮ ಬರಹಗಳನ್ನು ಹೋಲಿಸಿ ನೋಡಲಿ. ದೂರದ ದನಿಯನ್ನು ಕೇಳಬೇಕಾದವನು ಮೊದಲು ಆ ದನಿಯ ನಿಲುವನ್ನು ಅರಿಯಬೇಕೆಂಬುದು ಅದರಿಂದ ನಿಮಗೇ ತಿಳಿಯುವುದು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಪಾಠವು ಕಠಿನವಾಗಲಾರದೆಂದು ನಂಬಿದ್ದೇವೆ.