ಇಂಗ್ಲಿಷು ಕಲಿಯುವ ಮಕ್ಕಳು ಬರೆಯುವ ಕಥೆ
(ಸಂಘದ ಪಾಲಕರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದಲ್ಲಿ ಇಂಗ್ಲಿಷಿನ ಮಾತೇಕೆಂದು ತಾವು ಹುಬ್ಬೇರಿಸಬಹುದು. ಮುಂಬಯಿಯಲ್ಲಿ ನೆಲೆಸಿದ ನಮ್ಮ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷು ಶಾಲೆಗೆ ಹೋಗುವವರು. ಅವರು ಅದನ್ನು ಚೆನ್ನಾಗಿ ಕಲಿಯಲೆಂಬುದೇ ನಮ್ಮೆಲ್ಲರ ಆಸೆ. ಆ ಕಲಿಕೆಗೆ ಮನೆಯ ಕನ್ನಡವೇ ನೆರವಾಗುವ ಬಗೆಯನ್ನು ಅರಿಕೆ ಮಾಡಿಕೊಳ್ಳಲು ನಿಂತಿದ್ದೇನೆ.

ನೆರೆಮನೆಯ ಹತ್ತು ವರ್ಷದ ಹುಡುಗಿ ಶಾಲೆಗೆಂದು ಬರೆದ ಕಥೆಯನ್ನು ತಂದು ತೋರಿಸಿದಳು. ಟಾಮ್ ಎಂಬ ಬಾಲಕ, ಸುತ್ತಲೂ ಹಿಮ. ಐದು ವಾಕ್ಯಕ್ಕೆ ಕಥೆ ಮುಗಿದಿತ್ತು. ಹಿಮವನ್ನು ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ. “ಇದಿರಲಿ ಮಗೂ, ಮೊನ್ನೆಯ ಮಳೆಯಲ್ಲಿ ನಿಮ್ಮ ಮನೆಯಲ್ಲಿ ಏನಾಯಿತು, ಹೇಳು” ಎಂದೆ. ಕನ್ನಡದಲ್ಲಿ ಮಾತು ಹೊಳೆಯಂತೆ ಹರಿಯಿತು. ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿ ಓಡಲಿಲ್ಲವಂತೆ. ಅಪ್ಪ ಕುರ್ಲಾದಿಂದ ಮುಲುಂಡಿಗೆ ನಡೆದೇ ಬಂದರಂತೆ. ನಡುರಾತ್ರಿಯೊಳಗೆ ಅಮ್ಮ ಮೂರು ಸಲ ಸಾರು ಬಿಸಿ ಮಾಡಿದಳಂತೆ.

“ಅಮ್ಮನಿಗೆ ಚಿಂತೆಯಾಯಿತೆಂದು ನೀನು ಹೇಳಲಿಲ್ಲ, ಆದರೂ ನನಗೆ ತಿಳಿಯಿತು. ಇದನ್ನೇ ಇಂಗ್ಲಿಷಿನಲ್ಲಿ ಬರೆ” ಎಂದೆ. ಸಾರಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಕೇಳಿದಳು. ಸಾರು ಸಾರೇ ಆಗಿರಲಿ ಎಂದೆ.

ಮಗು ಮೊದಲು ಕಥೆಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ. ಯಾರು, ಎಲ್ಲಿ, ಏನು ಬೇಕಿತ್ತು, ಏನು ಅಡ್ಡ ಬಂತು, ಕೊನೆಗೇನಾಯಿತು ಎಂದು ಕೇಳುತ್ತ ಹೋದರೆ ಸಾಕು. ಇಂಗ್ಲಿಷು ಬಾರದ ತಾಯಂದಿರೂ ಅಜ್ಜಿಯರೂ ಇದನ್ನು ಮಾಡಬಲ್ಲರು. ಬರೆಯುವಾಗ ಕೆಂಪು ಶಾಯಿ ದೂರವಿರಲಿ. ಆಮೇಲೆ ತಿದ್ದುವಾಗಲೂ ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಇದನ್ನು ಎರಡು ವಾಕ್ಯ ಪಕ್ಕಪಕ್ಕ ಬರೆದು ತೋರಿಸಬಹುದು. ‘ಗೋ’ ಎಂಬುದು ‘ವೆಂಟ್’ ಆಗುವುದೇಕೆಂದು ಮಗು ಮುನಿದರೆ, ನಮ್ಮ ‘ನಗು’ ‘ನಕ್ಕ’ ಆಗುವುದನ್ನು ನೆನಪಿಸಿ.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು ಮುಂದೆ ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ನಮ್ಮ ಅಜ್ಜಿಯರು ಹೇಳುವಂಥ ಕನ್ನಡ ಕಥೆಗಳನ್ನು ಇಂಗ್ಲಿಷಿಗೆ ತಂದವರು ಅವರು. ಭಾರತದ ಜನಪದ ಕಥೆಗಳ ಅವರ ಇಂಗ್ಲಿಷು ಸಂಕಲನ 1991ರಲ್ಲಿ ಹೊರಬಂದಿತು. ಅಡುಗೆಮನೆಯ ಕಥೆಗೆ ಇಂಗ್ಲಿಷಿನಲ್ಲಿ ಎಡೆಯಿಲ್ಲವೆಂದು ಯಾರೂ ಸಂಕೋಚಪಡಬೇಕಾಗಿಲ್ಲ.

ಆ ಹುಡುಗಿ ಎರಡು ಪುಟ ಬರೆದಳು. ತಪ್ಪುಗಳಿದ್ದವು, ಟಾಮ್ ಇರಲಿಲ್ಲ. ಮನೆಯಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಅರ್ಥ ಹೇಳಿದಾಗ, “ಮೂರಲ್ಲವೇ, ಸಾರು ಬಿಸಿ ಮಾಡಿದ್ದು ನಾಲ್ಕು ಸಲ” ಎಂದು ಅವರು ತಿದ್ದಿದರಂತೆ. ಇಂಗ್ಲಿಷು ಕಥೆಯೊಂದು ಅಜ್ಜಿಯನ್ನೂ ಮೊಮ್ಮಗಳನ್ನೂ ಕನ್ನಡದಲ್ಲಿ ಮಾತಿಗೆ ಕೂರಿಸಿತು.

ತಾವೂ ಇಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು “ಇವತ್ತು ಏನಾಯಿತು?” ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಬೇಕೆಂದು ಬೇಡಿ, ನನ್ನ ನಾಲ್ಕು ಮಾತು ಮುಗಿಸುತ್ತೇನೆ.