ಅಳಿಸುವ ಮುನ್ನ ಎತ್ತಿಡಿ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕಾದ ವಿಷಯ ಕಂಪ್ಯೂಟರಿನದು. ಅದು ಯಜಮಾನರ ಗೊಡವೆ, ನಮಗೇಕೆ ಎಂದು ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಅಂದುಕೊಳ್ಳುತ್ತಿರಬಹುದು. ಅವರಿಗೆ ಮೊದಲು ಒಂದು ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಗಲ್ಲಾದಲ್ಲಿ ಕೂರುತ್ತಿದ್ದ ಹೋಟೆಲಿನಲ್ಲಿ ಕಂಪ್ಯೂಟರ್ ಬಹಳ ನಿಧಾನವಾಯಿತು. ರಿಪೇರಿಯವನು ಬಂದ. “ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತೇನೆ, ಫೈಲುಗಳನ್ನು ಎತ್ತಿಟ್ಟಿದ್ದೇನೆ” ಎಂದ. ನಾನೂ ತಲೆಯಾಡಿಸಿದೆ. ಅವನು ಎತ್ತಿಟ್ಟದ್ದು ಪರದೆಯ ಮೇಲೆ ಕಾಣುತ್ತಿದ್ದ ಫೈಲುಗಳನ್ನು ಮಾತ್ರ. ಬಿಲ್ಲಿನ ತಂತ್ರಾಂಶವು ತನ್ನ ಲೆಕ್ಕವನ್ನು ಬೇರೊಂದು ಕಡೆ ಇಟ್ಟುಕೊಂಡಿತ್ತು. ಅದರೊಡನೆ ನಮ್ಮ ಹಾಜರಿ, ನಮ್ಮ ಮುಂಗಡದ ಲೆಕ್ಕ, ಎಲ್ಲವೂ ಹೋಯಿತು. ಮೋರಿ ಕೆಲಸದ ಹುಡುಗನೊಬ್ಬ ಊರಿಗೆ ಹೋಗುವಾಗ ತೆಗೆದುಕೊಂಡಿದ್ದ ಮುಂಗಡವನ್ನು ತೀರಿಸಿಯಾಗಿತ್ತು. ತೀರಿಸಿದ್ದಕ್ಕೆ ಆಧಾರವಿಲ್ಲವೆಂದು ಅವನ ಸಂಬಳದಲ್ಲಿ ಮತ್ತೆ ಹಿಡಿದರು. ಅವನ ಮುಖವನ್ನು ನಾನಿನ್ನೂ ಮರೆತಿಲ್ಲ. ಅಂದು ತಲೆಯಾಡಿಸಿದವನು ನಾನೇ ಅಲ್ಲವೆ?

ದಾಖಲೆಯ ಬೆಲೆ ಗಿರಣಿಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ವರ್ಷಗಳ ಮೇಲೆ ಗಿರಣಿ ಕಾರ್ಮಿಕರ ಮನೆಗಳಿಗೆ ಅರ್ಜಿ ಹಾಕುವ ಕಾಲ ಬಂದಾಗ ಕೇಳಿದ್ದು ಹಳೆಯ ಗುರುತಿನ ಚೀಟಿ, ಪಿ.ಎಫ್. ಚೀಟಿಗಳನ್ನು. ಟ್ರಂಕಿನ ತಳದಲ್ಲಿ ಕಾಗದ ಇಟ್ಟುಕೊಂಡವನು ಗೆದ್ದ. ರದ್ದಿಗೆ ಹಾಕಿದವನು ಅಲೆದ. ಇಂದಿನ ಟ್ರಂಕು ಕಂಪ್ಯೂಟರು.

ಈ ಮಾತನ್ನು ಈಗಲೇ ಏಕೆ ಹೇಳುತ್ತಿದ್ದೇನೆ? ವಿಂಡೋಸ್ 10ಕ್ಕೆ ಅದರ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಹಲವು ಹೋಟೆಲುಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕುವ ಕೆಲಸ ನಡೆದಿದೆ. ನಮ್ಮ ಸಂಘದ ಕಂಪ್ಯೂಟರಿನ ಸರದಿಯೂ ಬಂದಿದೆ.

ಒಂದು ಕಂಪ್ಯೂಟರಿನಲ್ಲಿ ಮೂರು ಬಗೆಯ ಸಾಮಾನಿದೆ ಎಂದು ತಿಳಿಯಿರಿ. ಒಂದು, ನಾವು ಮಾಡಿದ ಕಡತಗಳು. ಎರಡು, ಕೆಲಸ ಮಾಡಿಕೊಡುವ ತಂತ್ರಾಂಶಗಳು. ಮೂರು, ಆ ತಂತ್ರಾಂಶಗಳಿಗೆ ನಾವು ಮಾಡಿಕೊಟ್ಟ ಏರ್ಪಾಡುಗಳು, ಅಂದರೆ ಸೆಟ್ಟಿಂಗುಗಳು. ಕಡತವನ್ನು ಪ್ರತಿ ಮಾಡಿದರೆ ಸಾಕು. ತಂತ್ರಾಂಶದ ಫೋಲ್ಡರನ್ನು ಮಾತ್ರ ಹಾಗೆ ಎತ್ತಿಟ್ಟು ಮತ್ತೆ ಇಟ್ಟರೆ ಸಾಮಾನ್ಯವಾಗಿ ಅದು ನಡೆಯದು. ಹಾಕುವಾಗ ಅದು ವಿಂಡೋಸಿನ ರಿಜಿಸ್ಟ್ರಿ ಎಂಬ ದಫ್ತರದಲ್ಲಿ ತನ್ನ ಹೆಸರು ಬರೆಸಿರುತ್ತದೆ. ವಿಂಡೋಸನ್ನು ಅಳಿಸಿದಾಗ ದಫ್ತರವೂ ಹೋಗುತ್ತದೆ. ಆದ್ದರಿಂದ ತಂತ್ರಾಂಶವನ್ನು ಹೊಸದಾಗಿಯೇ ಹಾಕಬೇಕು. ನಾವು ಎತ್ತಿಡಬೇಕಾದುದು ಅದರ ಪಟ್ಟಿ, ಹಾಕುವ ಫೈಲು ಮತ್ತು ಲೈಸೆನ್ಸಿನ ಸಂಖ್ಯೆ.

ಪಟ್ಟಿ ಮಾಡಲು ವಿಂಗೆಟ್ ಎಂಬ ಉಪಕರಣ ಇದೆ. ಅದರ ಎಕ್ಸ್‌ಪೋರ್ಟ್ ಆಜ್ಞೆ ತನಗೆ ಗೊತ್ತಿರುವ ತಂತ್ರಾಂಶಗಳ ಪಟ್ಟಿಯನ್ನು ಫೈಲಿನಲ್ಲಿ ಬರೆಯುತ್ತದೆ. ಇಂಪೋರ್ಟ್ ಆಜ್ಞೆ ಅವನ್ನು ಮತ್ತೆ ಹಾಕುತ್ತದೆ. ಬಿಲ್ಲಿನ ತಂತ್ರಾಂಶದಂಥವು ಅದರ ಪಟ್ಟಿಗೆ ಬಾರದೆ ಹೋಗಬಹುದು; ಅವನ್ನು ಕೈಯಲ್ಲೇ ಬರೆದುಕೊಳ್ಳಿ. ಬಿಲ್ ಮುದ್ರಿಸುವ ಯಂತ್ರದ ಡ್ರೈವರನ್ನೂ ಮರೆಯಬೇಡಿ.

ಸೆಟ್ಟಿಂಗುಗಳು ಬಹುಮಟ್ಟಿಗೆ ಆಪ್‌ಡೇಟಾ ಎಂಬ ಫೋಲ್ಡರಿನಲ್ಲಿರುತ್ತವೆ. ಅದು ಮರೆಯಾಗಿರುವುದರಿಂದಲೇ ರಿಪೇರಿಯವರ ಕಣ್ಣು ತಪ್ಪುವುದು. ಕೆಲವು ತಂತ್ರಾಂಶಗಳು ಪ್ರೋಗ್ರಾಂಡೇಟಾ ಎಂಬಲ್ಲಿ ಇಡುತ್ತವೆ, ಅದೂ ಮರೆಯೇ. ಎರಡನ್ನೂ ಪ್ರತಿ ಮಾಡಿ.

ಲೆಕ್ಕದ ತಂತ್ರಾಂಶಕ್ಕೆ ತನ್ನದೇ ಬ್ಯಾಕಪ್ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ತಂತ್ರಾಂಶ ನಡೆಯುತ್ತಿರುವಾಗ ಫೈಲನ್ನು ಪ್ರತಿ ಮಾಡಿದರೆ ಅರೆಬೆಂದ ಅನ್ನದಂತೆ ಅರ್ಧ ಲೆಕ್ಕ ಸಿಕ್ಕೀತು. ಟ್ಯಾಲಿಪ್ರೈಮ್ ಇದ್ದಲ್ಲಿ ಡೇಟಾ ಪಟ್ಟಿಯಲ್ಲಿ ಬ್ಯಾಕಪ್ ಇದೆ. ಅಳಿಸುವ ಮೊದಲು ಅದರ ಲೈಸೆನ್ಸನ್ನು ಸರೆಂಡರ್ ಮಾಡಿ, ಹೊಸದಾಗಿ ಹಾಕಿದ ಮೇಲೆ ಮತ್ತೆ ಚಾಲೂ ಮಾಡಿಕೊಳ್ಳುವುದು ಕ್ರಮ.

ಕನ್ನಡಿಗರಾದ ನಮಗೆ ಇನ್ನೊಂದು ಎಚ್ಚರಿಕೆ. ಸಂಘದ ಹಳೆಯ ವರದಿಗಳು, ಸದಸ್ಯರ ಪಟ್ಟಿ ನುಡಿ ಮತ್ತು ಬರಹದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾಗಿವೆ, ಯೂನಿಕೋಡಿನಲ್ಲಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಉಳಿದೂ ಕನ್ನಡ ಹೋದಂತೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಅವನ್ನೂ ಎತ್ತಿಡಿ.

ಬ್ರೌಸರಿನ ಪಾಸ್‌ವರ್ಡುಗಳನ್ನು ವಿಂಡೋಸ್ ಆ ಬಳಕೆದಾರನ ಬೀಗದಲ್ಲಿ ಇಟ್ಟಿರುವುದುಂಟು. ಆಗ ಬರಿಯ ಫೋಲ್ಡರ್ ಪ್ರತಿ ಮಾಡಿದರೆ ಬೀಗ ತೆರೆಯದು. ಬ್ರೌಸರಿನ ಎಕ್ಸ್‌ಪೋರ್ಟಿನಿಂದಲೇ ತೆಗೆಯಿರಿ. ಆದರೆ ಆ ಫೈಲನ್ನು ಯಾರೂ ಓದಬಹುದು, ಕೆಲಸವಾದೊಡನೆ ಅಳಿಸಿ. ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ.

ಪ್ರತಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ತೆರೆದು, ಓದಿ ನೋಡಬೇಕು. ಆಮೇಲೆ ಆ ಡಿಸ್ಕನ್ನು ಕಳಚಿ ಬೇರೆಡೆ ಇಡಬೇಕು. ಚುಚ್ಚಿಯೇ ಬಿಟ್ಟರೆ, ಹೊಸದು ಹಾಕುವವನು ಕೈತಪ್ಪಿ ಅದನ್ನೇ ಅಳಿಸಿದ್ದುಂಟು. ಬಲ್ಲವರ ನಿಯಮವೂ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳದಲ್ಲಿ.

ಬಂಧುಗಳೆ, ಕೊನೆಯದಾಗಿ ಒಂದು ಮಾತು. ಕಂಪ್ಯೂಟರ್ ಯಜಮಾನರದಿರಬಹುದು, ಅದರೊಳಗಿನ ಹಾಜರಿ ನಮ್ಮ ಬೆವರಿನದು. ಗ್ರಾಚ್ಯುಯಿಟಿಯ ಲೆಕ್ಕ ಸೇವೆಯ ವರ್ಷಗಳ ಮೇಲೆ ನಿಂತಿದೆ. ಆದ್ದರಿಂದ ಪ್ರತಿ ತಿಂಗಳು ಸಂಬಳದ ಚೀಟಿಯನ್ನು ಕೇಳಿ ಪಡೆಯಿರಿ, ಮುಂಗಡ ತೀರಿಸಿದಾಗ ರಸೀತಿ ಬೇಡಿ. ರಿಪೇರಿಯವನು ಬಂದ ದಿನ ಗಲ್ಲಾದವರು ಎದ್ದು ನಿಂತು, “ಹಾಜರಿ ಎಲ್ಲಿ ಎತ್ತಿಟ್ಟಿದ್ದೀರಿ? ತೆರೆದು ತೋರಿಸಿ” ಎಂದು ಕೇಳಲಿ. ಅಂದು ನಾನು ಕೇಳಿರಲಿಲ್ಲ. ಮುಂದಿನ ರವಿವಾರ ಸಂಘದ ಕಂಪ್ಯೂಟರನ್ನು ಅಳಿಸುವ ಮುನ್ನ ಈ ಎಲ್ಲವನ್ನೂ ನಿಮ್ಮೆದುರಿಗೇ ಮಾಡಿ ತೋರಿಸಲಾಗುವುದು. ಗಲ್ಲಾದಲ್ಲಿ ಕೂರುವವರು ತಪ್ಪದೆ ಬರಬೇಕೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.